ಆಚೆ ಬದುವಿನಲ್ಲಿ ನಿಂತವಳು

ನನ್ನ ತಂಗಿಯ ಗಂಡನ ಮನೆ ಇರುವುದು ಅಜ್ಜಂಪುರದಿಂದ ಅಂತರಘಟ್ಟೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ನಾನು ಕಡೂರಿನ ಹೈಸ್ಕೂಲೊಂದರಲ್ಲಿ ಮೇಷ್ಟ್ರು. ತಿಂಗಳಿಗೊಮ್ಮೆಯಾದರೂ ಬೀರೂರಿನಲ್ಲಿ ರೈಲು ಹಿಡಿದು ಅವಳನ್ನು ನೋಡಿಕೊಂಡು ಬರುವುದು ನನ್ನ ರೂಢಿ. ನಮಗೆ ಇನ್ನು ಒಡಹುಟ್ಟಿದವರಿಲ್ಲ. ಅವಳಿಗೆ ತವರು ಅಂದರೆ ನಾನೇ.

ಆ ಮನೆಯಲ್ಲಿ ಅಣ್ಣತಮ್ಮಂದಿರು ಕೂಡಿ ಬಾಳುತ್ತಿದ್ದರು. ತಂಗಿಯ ಗಂಡ ಕಿರಿಯವನು. ಹಿರಿಯವನ ಹೆಂಡತಿ, ಅಂದರೆ ನನ್ನ ತಂಗಿಯ ಓರಗಿತ್ತಿ, ಎಮ್ಮೆದೊಡ್ಡಿ ಕಡೆಯ ಹೆಣ್ಣುಮಗಳು. ಎತ್ತರದ ಆಳು, ದೊಡ್ಡ ಗಂಟಲು. ನಾನು ಹಟ್ಟಿ ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗೆ ಒಳಗಿನಿಂದ, "ಬೀಗ್ರು ಬಂದ್ರು ಕಣೇ, ಎಸರಿಗೆ ಇನ್ನೊಂದು ಚೊಂಬು ನೀರು ಹಾಕು" ಎಂದು ಕೂಗುತ್ತಿದ್ದಳು. ಊಟಕ್ಕೆ ಕೂತರೆ ಬೇಡವೆಂದರೂ ಮುದ್ದೆ ಹಾಕುವವಳು. "ಮೇಷ್ಟ್ರು ಮಾತಾಡೋದು ಜಾಸ್ತಿ, ತಿನ್ನೋದು ಕಮ್ಮಿ" ಎಂದು ನನ್ನ ತಂಗಿಯ ಕಡೆ ಕಣ್ಣು ಹೊಡೆಯುತ್ತಿದ್ದಳು. ತಂಗಿ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಓರಗಿತ್ತಿಯರ ನಡುವೆ ಅಷ್ಟು ಹೊಂದಿಕೆ ಇರುವ ಮನೆಗಳನ್ನು ನಾನು ಹೆಚ್ಚು ನೋಡಿಲ್ಲ.

ಊರಿನ ಮಹಿಳಾ ಸಂಘಕ್ಕೆ ಔಷಧಿ ಹೊಡೆಯುವ ಡ್ರೋನ್ ಬರುತ್ತದೆ, ಹಾರಿಸುವುದನ್ನು ಕಲಿಯಲು ಒಬ್ಬಳನ್ನು ಕಳಿಸಬೇಕು ಎಂದಾಗ ಸಂಘದವರು ನನ್ನ ತಂಗಿಯನ್ನು ಆರಿಸಿದರು. ಪಿಯುಸಿ ಓದಿದವಳು ಎಂಬುದು ಒಂದು ಕಾರಣ, ಟ್ರ್ಯಾಕ್ಟರ್ ಓಡಿಸುತ್ತಿದ್ದಳು ಎಂಬುದು ಇನ್ನೊಂದು. ತರಬೇತಿ ದೂರದ ಊರಿನಲ್ಲಿ. ಇವಳ ಇಬ್ಬರು ಚಿಕ್ಕ ಮಕ್ಕಳು, ಹಸು, ಅಡುಗೆ ಯಾರು ನೋಡಬೇಕು ಎಂದು ಗಂಡ ಗೊಣಗಿದ. ಓರಗಿತ್ತಿ ಸೆರಗು ಸಿಕ್ಕಿಸಿ ಎದುರು ನಿಂತಳು: "ನಾನಿಲ್ವಾ? ಅವ್ಳು ಹೋಗ್ಲಿ. ನಮ್ಮನೇಲಿ ಒಬ್ಬಳಾದ್ರೂ ಆಕಾಶ ನೋಡ್ಲಿ." ಮೈದುನ ಒಪ್ಪಿದ.

ಡ್ರೋನ್ ಬಂದ ದಿನ ನಾನೂ ಹೋಗಿದ್ದೆ. ಆರು ರೆಕ್ಕೆಯ ಯಂತ್ರ, ಹೊಟ್ಟೆಯಲ್ಲಿ ಬಿಳಿಯ ಟ್ಯಾಂಕು. ಅದಕ್ಕೆ ವಿಭೂತಿ ಬಳಿದು, ಹೂ ಏರಿಸಿ, ಕಾಯಿ ಒಡೆದರು. ಅದು ನೆಲ ಬಿಟ್ಟು ಏಳುವಾಗ ಎದ್ದ ಧೂಳಿಗೆ ಹೆಂಗಸರೆಲ್ಲ ಕಿರುಚಿಕೊಂಡು ಹಿಂದೆ ಸರಿದರು. ತಂಗಿ ಮಾತ್ರ ಎರಡು ಕೈಯಲ್ಲಿ ರಿಮೋಟು ಹಿಡಿದು, ತುಟಿ ಕಚ್ಚಿಕೊಂಡು, ಕಣ್ಣು ಮೇಲೆತ್ತಿ ನಿಂತಿದ್ದಳು. ಹಾಗೆ ನಿಂತ ಅವಳನ್ನು ನಾನು ಅದುವರೆಗೆ ನೋಡಿರಲಿಲ್ಲ. ಪಕ್ಕದಲ್ಲಿದ್ದ ಓರಗಿತ್ತಿಯ ಕಣ್ಣಲ್ಲಿ ನೀರು ತುಂಬಿತ್ತು. ನಾನು ನೋಡಿದ್ದು ಕಂಡು, "ಧೂಳು ಕಣ್ರೀ ಬೀಗ್ರೇ" ಎಂದಳು.

ಆ ಸೀಮೆಯಲ್ಲಿ ಈಗ ಮೆಕ್ಕೆಜೋಳ ಹೆಚ್ಚು. ಪೈರು ಆಳೆತ್ತರ ಬೆಳೆದ ಮೇಲೆ ಸುಳಿಗೆ ಹುಳ ಬಿದ್ದರೆ ಬೆನ್ನಿಗೆ ಕ್ಯಾನ್ ಹೊತ್ತು ಒಳಗೆ ನುಗ್ಗಿ ಔಷಧಿ ಹೊಡೆಯುವುದು ನರಕದ ಕೆಲಸ. ಗರಿಗಳು ಮೈ ಕೊಯ್ಯುತ್ತವೆ, ಹೊಡೆದ ಔಷಧಿ ಮುಖಕ್ಕೇ ಬರುತ್ತದೆ. ಡ್ರೋನ್ ಬಂದಮೇಲೆ ದಿನವಿಡೀ ಹಿಡಿಯುತ್ತಿದ್ದ ಕೆಲಸ ಒಂದು ಲೋಟ ಕಾಫಿ ಕುಡಿಯುವುದರೊಳಗೆ ಮುಗಿಯತೊಡಗಿತು. ಸುತ್ತಲಿನ ಊರುಗಳಿಂದ ಕರೆಯತೊಡಗಿದರು. ಲಗೇಜ್ ಆಟೋದಲ್ಲಿ ಯಂತ್ರ ಹೇರಿಕೊಂಡು ತಂಗಿ, ಓರಗಿತ್ತಿ ಇಬ್ಬರೂ ಬೆಳಗಾಗುತ್ತಲೇ ಹೊರಡುತ್ತಿದ್ದರು. ಹಾರಿಸುವುದು ತಂಗಿ. ಔಷಧಿ ಬೆರೆಸಿ ಟ್ಯಾಂಕು ತುಂಬುವುದು, ಬ್ಯಾಟರಿ ಬದಲಾಯಿಸುವುದು ಓರಗಿತ್ತಿ. ಯಂತ್ರ ಹಾರುವಾಗ ಅವಳು ಹೊಲದ ಆಚೆ ಬದುವಿಗೆ ಹೋಗಿ ನಿಲ್ಲುತ್ತಿದ್ದಳು. ಈಚೆ ನಿಂತ ತಂಗಿಗೆ ಎತ್ತರದ ಪೈರಿನ ಆಚೆ ಮರವಿದೆಯೋ, ಲೈಟು ಕಂಬವಿದೆಯೋ, ಯಾರಾದರೂ ದನ ಹೊಡೆದುಕೊಂಡು ಬರುತ್ತಿದ್ದಾರೋ ಕಾಣುತ್ತಿರಲಿಲ್ಲ. ಓರಗಿತ್ತಿ ಫೋನಿನಲ್ಲಿ ಹೇಳುತ್ತಿದ್ದಳು.

ಒಂದು ವಿಷಯ ಇಲ್ಲಿ ಹೇಳಬೇಕು. ಬೆನ್ನಿನ ಕ್ಯಾನಿನಲ್ಲಿ ಔಷಧಿಗೆ ತುಂಬಾ ನೀರು ಬೆರೆಸುತ್ತಾರೆ. ಡ್ರೋನ್ ಹೊರುವುದು ಕಡಿಮೆ ತೂಕ. ಹಾಗಾಗಿ ಅಷ್ಟೇ ಔಷಧಿಗೆ ನೀರು ಬಹಳ ಕಮ್ಮಿ. ಅದು ಕ್ಯಾನಿನದಕ್ಕಿಂತ ಎಷ್ಟೋ ಪಟ್ಟು ಗಟ್ಟಿ ವಿಷದ ಮಂಜು. ತರಬೇತಿಯಲ್ಲಿ ಕೈಗವಸು, ಕನ್ನಡಕ, ಮುಖಕ್ಕೆ ಮಾಸ್ಕ್ ಎಂದೆಲ್ಲ ಹೇಳಿದ್ದರು. ಹಾರಿಸುವವಳಿಗೆ ಒಂದು ಜೊತೆ ಕೊಟ್ಟೂ ಇದ್ದರು. ಜೊತೆಗೆ ಇನ್ನೊಬ್ಬಳು ಇರುತ್ತಾಳೆ ಎಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ. ಅಜ್ಜಂಪುರದ ಕಡೆ ಆಷಾಢದ ಗಾಳಿ ಅಂದರೆ ಹೆಂಚು ಅಲುಗುವ ಗಾಳಿ. ಅವತ್ತು ಬೆಳಗ್ಗೆ ಅಷ್ಟಾಗಿ ಇರಲಿಲ್ಲವಂತೆ. ಹೊಲದವನು ಎರಡು ದಿನದಿಂದ ಕಾಯುತ್ತಿದ್ದ. ಸ್ವಲ್ಪ ಗಾಳಿ ಎದ್ದಾಗ ತಂಗಿ, "ಇವತ್ತಿಗೆ ಇಷ್ಟು ಸಾಕು" ಎಂದಳಂತೆ. ಅವನು, "ಇನ್ನೊಂದು ಮೂಲೆ ಉಳ್ದದೆ ಕಣಮ್ಮ, ಅದ್ರಲ್ಲೇ ಹುಳ ಜಾಸ್ತಿ ಇರೋದು. ಮುಗ್ಸಿಬಿಡು" ಎಂದು ಕೈ ಮುಗಿದ. ಗಾಳಿ ಮಿತಿ ಮೀರಿದರೆ ಕೆಂಪಾಗುವ ರಿಮೋಟಿನ ಪರದೆ ಇನ್ನೂ ಕೆಂಪಾಗಿರಲಿಲ್ಲ. ಹಾರಿಸಿದಳು.

ಯಂತ್ರ ಆಚೆ ತುದಿ ಮುಟ್ಟಿದಾಗ ಗಾಳಿ ಒಮ್ಮೆಲೇ ತಿರುಗಿತು. ಇಳಿಯುತ್ತಿದ್ದ ಮಂಜೆಲ್ಲ ಬದುವಿನ ಮೇಲೆ ಬಿತ್ತು. ಫೋನಿನಲ್ಲಿ ಓರಗಿತ್ತಿ, "ಅಯ್ಯೋ, ನಂಗೇ ಹೊಡ್ದ್ಬಿಟ್ಯಲ್ಲೇ! ನನ್ ಮೈಮೇಲಿನ ಹುಳ ಎಲ್ಲ ಸತ್ವು" ಎಂದು ನಕ್ಕಳಂತೆ. ತಂಗಿಯೂ ನಕ್ಕಳು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು ಮತ್ತೆ ಬ್ಯಾಟರಿ ಹಾಕಿದಳು. ಒದ್ದೆ ಸೀರೆ ಮೈಮೇಲೇ ಒಣಗಿತು. ಆಮೇಲೆ ಇನ್ನೊಂದು ಹೊಲಕ್ಕೂ ಹೋದರು.

ಮಧ್ಯಾಹ್ನ ಮನೆಗೆ ಬಂದವಳು ತಲೆ ಸಿಡಿಯುತ್ತಿದೆ ಎಂದು ಗೋಡೆಗೆ ಒರಗಿದಳು. ಬಿಸಿಲೆಂದುಕೊಂಡರು. ಕಾಫಿ ಕೊಟ್ಟರೆ ವಾಂತಿಯಾಯಿತು. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು ನಿಲ್ಲುತ್ತಿಲ್ಲ. "ಯಾಕೋ ಮುಂದಿನ್ದು ಕಾಣಲ್ದು ಕಣೇ" ಎಂದಳಂತೆ. ಅದೇ ಲಗೇಜ್ ಆಟೋದಲ್ಲಿ ಅಜ್ಜಂಪುರಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ತರೀಕೆರೆಗೆ ಕರೆದುಕೊಂಡು ಹೋದರು. ನಾನು ಸುದ್ದಿ ತಿಳಿದು ಸ್ಕೂಲಿನಿಂದ ನೇರ ತರೀಕೆರೆ ಆಸ್ಪತ್ರೆಗೆ ಬಂದೆ.

ಡಾಕ್ಟರು ಅವಳ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದ ಕೂಡಲೇ ನಮ್ಮ ಕಡೆ ತಿರುಗಿ ಕೇಳಿದರು: "ಏನ್ ಕುಡ್ದಿದ್ದಾರೆ?"

"ಏನೂ ಕುಡ್ದಿಲ್ಲ ಸಾರ್. ಔಷಧಿ ಹೊಡೀವಾಗ ಮೈಮೇಲೆ ಬಿತ್ತು" ಎಂದಳು ತಂಗಿ.

"ಎಲ್ಲರೂ ಹಂಗೇ ಹೇಳೋದು. ನಿಜ ಹೇಳಿ. ಜೀವ ಉಳಿಸ್ಬೇಕಾದ್ರೆ ನಿಜ ಬೇಕು."

ಹಾಸಿಗೆಯಲ್ಲಿದ್ದವಳಿಗೂ ಕೇಳಿಸಿತು. ನಾಲಗೆ ಹೊರಳುತ್ತಿರಲಿಲ್ಲ. ಆದರೂ ತಲೆ ಆಡಿಸಿ, "ಕುಡ್ದಿಲ್ಲ... ಕುಡ್ದಿಲ್ಲ" ಎಂದಳು. ನಾನು ಅವಳ ಬಾಯಿಂದ ಕೇಳಿದ ಕೊನೆಯ ಮಾತು ಅದು.

ಡಾಕ್ಟರರನ್ನು ನಾನು ದೂರುವುದಿಲ್ಲ. ಅವರು ಮಾಡಬೇಕಾದ ಚಿಕಿತ್ಸೆಯನ್ನು ತಡಮಾಡದೆ ಮಾಡಿದರು. ಆ ಲಕ್ಷಣಗಳಲ್ಲಿ ಅವರು ದಿನವೂ ನೋಡುವುದು ವಿಷ ಕುಡಿದವರನ್ನೇ. ಅಲ್ಲಿಂದ ಶಿವಮೊಗ್ಗಕ್ಕೆ ಸಾಗಿಸಿದೆವು. ಕೆಲವು ದಿನ ಬಾಯಿಗೆ ಹಾಕಿದ ಕೊಳವೆಯಿಂದ ಉಸಿರಾಡಿದಳು. ಅವಳ ಮಗಳು ಅದೇ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಐಸಿಯು ಬಾಗಿಲಲ್ಲಿ ಬಿಳಿ ಕೋಟಿನಲ್ಲೇ ಕೂತಿರುತ್ತಿದ್ದ ಆ ಹುಡುಗಿ, ಒಳಗಿಂದ ಯಾರು ಬಂದರೂ ಎದ್ದು ನಿಲ್ಲುತ್ತಿದ್ದಳು. ಒಂದು ಬೆಳಿಗ್ಗೆ ಹೊರಗೆ ಬಂದ ಡಾಕ್ಟರು ಅವಳ ಹೆಗಲ ಮೇಲೆ ಕೈಯಿಟ್ಟರು.

ಅವರ ಪದ್ಧತಿಯಂತೆ ಸ್ವಂತ ಹೊಲದಲ್ಲೇ ಮಣ್ಣು ಮಾಡಿದರು. ಮಠದಿಂದ ಅಯ್ಯನವರು ಬಂದು ಕ್ರಿಯೆ ನಡೆಸಿದರು. ಮಣ್ಣು ಹಾಕುವಾಗಲೇ ಹಿಂದೆ ನಿಂತವರಲ್ಲಿ ಗುಸುಗುಸು ಕೇಳಿಸಿತು. "ಓರಗಿತ್ತೀರಿಗೆ ಜಗಳ ಆಗಿತ್ತಂತೆ." "ಡ್ರೋನಿನ ದುಡ್ಡಿಂದಂತೆ." "ಗಂಡ ಹೊಡ್ದಿದ್ನಂತೆ." ಪೋಸ್ಟ್‌ಮಾರ್ಟಂನಲ್ಲಿ ವಿಷ ಎಂದಿತ್ತೇ ಹೊರತು ಆ ವಿಷ ಯಾವ ದಾರಿಯಲ್ಲಿ ಒಳಗೆ ಹೋಯಿತು ಎಂದು ಇರಲಿಲ್ಲ. ಮೇಲಿನಿಂದ ಬಿದ್ದ ಮಂಜಿನಿಂದ ಒಬ್ಬ ಹೆಂಗಸು ಸಾಯುತ್ತಾಳೆ ಎಂಬುದನ್ನು ಊರು ನಂಬಲು ಸಿದ್ಧವಿರಲಿಲ್ಲ. ಹೆಂಗಸು ವಿಷ ಕುಡಿದು ಸಾಯುತ್ತಾಳೆ ಎಂಬುದನ್ನು ಮಾತ್ರ ಕೇಳಿದ ತಕ್ಷಣ ನಂಬಿತು. ಎಮ್ಮೆದೊಡ್ಡಿ ಕಡೆಯಿಂದ ಬಂದ ಅವಳ ಅಣ್ಣ, "ನನ್ ತಂಗೀನ ಕೊಂದ್ರಲ್ಲೋ" ಎಂದು ಅವಳ ಗಂಡನ ಕೊರಳಪಟ್ಟಿ ಹಿಡಿದ. ಆ ಮನುಷ್ಯ ಬಿಡಿಸಿಕೊಳ್ಳಲೂ ಇಲ್ಲ.

ಕಾರ್ಯ ಮುಗಿದ ಮೇಲೆ ಯಂತ್ರ ಕೊಟ್ಟ ಕಂಪನಿಯವರು ಇಬ್ಬರು ಬಂದರು. ನಾನು ಅಲ್ಲೇ ಇದ್ದೆ. ಬಹಳ ಮರ್ಯಾದೆಯಿಂದ ಮಾತಾಡಿದರು. ಅವತ್ತಿನ ಗಾಳಿಯ ವೇಗ ಯಂತ್ರದಲ್ಲಿ ದಾಖಲಾಗಿದೆ, ಮಿತಿಯೊಳಗೇ ಇತ್ತು, ಯಂತ್ರದ್ದೇನೂ ತಪ್ಪಿಲ್ಲ ಎಂದರು.

"ಗಾಳಿ ತಿರುಗಿದ್ದು?" ಎಂದಳು ತಂಗಿ.

"ಮೇಡಂ, ನೀವು ಈಗ ದುಃಖದಲ್ಲಿದ್ದೀರಾ. ಸುಮ್ನೆ ನಿಮ್ ತಲೆ ಮೇಲೆ ಹಾಕ್ಕೋಬೇಡಿ. ನಾಳೆ ಕೇಸಾದ್ರೆ ಪೈಲಟ್ ಹೆಸರೇ ಮೊದ್ಲು ಬರೋದು. ಬೆರೆಸುವಾಗ ಅವರೇ ಅಜಾಗರೂಕತೆ ಮಾಡಿರಬಹುದಲ್ವಾ?"

ಅವರು ಹೋದ ಮೇಲೆ ತಂಗಿಯ ಗಂಡ, "ಅವ್ರು ಹೇಳೋದೂ ಸರಿನೇ. ಮಕ್ಳವೆ ನಮ್ಗೆ. ಸುಮ್ನಿದ್ಬಿಡು" ಎಂದ. ಸಂಘದ ಹೆಂಗಸರೂ ಅದನ್ನೇ ಹೇಳಿದರು. ಯಂತ್ರ ವಾಪಸು ಹೋದರೆ ಊರಿಗೇ ನಷ್ಟ ಎಂದರು. ತಂಗಿ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಅಭ್ಯಾಸದಂತೆ ಎರಡು ತಟ್ಟೆ ತೆಗೆದು ಒಂದನ್ನು ಮತ್ತೆ ಜೋಡಿಸಿಡುವುದನ್ನು ನೋಡಿದೆ. ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಕೇಳಿದಳು: "ಅಣ್ಣಾ, ಅಕ್ಕ ಸತ್ತಿದ್ದು ಒಂದು. ಕುಡ್ದು ಸತ್ಲು ಅಂತಾರಲ್ಲ, ಅದು ಇನ್ನೊಂದು. ಮೊದಲ್ನೇದು ಇನ್ನು ನನ್ ಕೈಲಿಲ್ಲ. ಎರಡ್ನೇದು ಅದೆ. ಹೇಳ್ಳಾ?"

"ಹೇಳಿದ್ರೆ ಏನೇನಾಗುತ್ತೆ ಗೊತ್ತಾ?" ಎಂದೆ.

"ಗೊತ್ತು."

"ಹಂಗಿದ್ರೆ ಹೇಳು. ನಾನೂ ಬರ್ತೀನಿ" ಎಂದೆ.

ಗ್ರಾಮಸಭೆ ಸ್ಕೂಲಿನ ಜಗಲಿಯಲ್ಲಿ ನಡೆಯಿತು. ಕೃಷಿ ಇಲಾಖೆಯ ಅಧಿಕಾರಿಯೊಬ್ಬರು ಬಂದಿದ್ದರು. ರಸ್ತೆ, ನೀರು, ಬೀದಿ ದೀಪದ ಮಾತಾಯಿತು. ಕೊನೆಗೆ ತಂಗಿ ಎದ್ದಳು.

"ನಮ್ಮಕ್ಕ ಏನೂ ಕುಡೀಲಿಲ್ಲ. ಅವತ್ತು ಗಾಳಿ ಎದ್ದಿತ್ತು. ನಿಲ್ಸಬೇಕಿತ್ತು. ನಾನು ಹಾರ್ಸಿದೆ. ಗಾಳಿ ತಿರುಗಿ ಔಷಧಿ ಅವ್ಳ ಮೇಲೆ ಬಿತ್ತು. ನಾವಿಬ್ರೂ ನಕ್ವು. ಸೀರೆ ಬದ್ಲಾಯಿಸು ಅಂತ ಹೇಳೋಷ್ಟು ಬುದ್ಧಿ ನಂಗೆ ಬರ್ಲಿಲ್ಲ. ನಮ್ ಭಾವ ಅವ್ಳನ್ನ ಒಂದ್ ದಿನಾನೂ ಹೊಡ್ದಿಲ್ಲ. ನಂಗೂ ಅವ್ಳಿಗೂ ಜಗಳ ಆಗಿಲ್ಲ. ಇನ್ಮೇಲೆ ಯಾರೂ ಹಂಗನ್ಬೇಡಿ."

ಆ ಹೊಲದವನು ತಲೆ ತಗ್ಗಿಸಿ ಕೂತಿದ್ದ. ಯಾರೋ ಒಬ್ಬ ಹಿಂದಿನಿಂದ ಕೇಳಿದ: "ಹಂಗಾದ್ರೆ ಡ್ರೋನೇ ಬ್ಯಾಡ ಅಂತೀಯೇನಮ್ಮ? ಮತ್ತೆ ಬೆನ್ನಿಗೆ ಕ್ಯಾನ್ ಹೊರಬೇಕಾ?"

"ಬ್ಯಾಡ ಅನ್ನಲ್ಲ. ಕ್ಯಾನ್ ಹೊತ್ತೋರೂ ವಾಂತಿ ಮಾಡ್ಕೊಂಡು ಬಿದ್ದಿದ್ದು ನಾನು ನೋಡಿದೀನಿ. ಆದ್ರೆ ಕ್ಯಾನ್ ಹೊತ್ತೋನು ಹೊಡ್ದಿದ್ದು ಅವನೊಬ್ಬನ ಮೈಮೇಲೇ ಬೀಳ್ತಿತ್ತು. ಇದು ಹಂಗಲ್ಲ. ನಾನೆಲ್ಲೋ ನಿಂತ್ಕೊಂಡು ಬಟನ್ ಒತ್ತಿದ್ರೆ ಇನ್ಯಾರ ಮೇಲೋ ಬೀಳುತ್ತೆ. ಹಿಂದಿನ್ ದಿನಾನೇ ಮೈಕಲ್ಲಿ ಹೇಳ್ಬೇಕು. ಅಕ್ಕಪಕ್ಕದ ಹೊಲದಲ್ಲಿ ಕಳೆ ತೆಗೆಯೋರು, ದನ ಕಾಯೋರು ಯಾರೂ ಇರ್ಬಾರ್ದು. ಬೆರೆಸೋರಿಗೂ ಮಾಸ್ಕು, ಕೈಗವಸು ಬೇಕು. ಗಾಳಿ ಎದ್ರೆ ಎಷ್ಟೇ ಉಳ್ದಿರ್ಲಿ, ಇಳಿಸ್ಬೇಕು." ಕೊನೆಗೆ ಹೇಳಿದಳು: "ಗಾಳಿ ಅದೆಯೋ ಇಲ್ವೋ ಅಂತ ಹಾರ್ಸೋರೂ ಹೇಳ್ಬಾರ್ದು, ಹೊಲದೋರೂ ಹೇಳ್ಬಾರ್ದು. ಇಬ್ರಿಗೂ ಆಸೆ ಇರುತ್ತೆ. ಬೇರೆಯೋರು ಹೇಳ್ಬೇಕು."

ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಇಂಥ ಸಾವು ತಮ್ಮ ಗಮನಕ್ಕೆ ಬಂದಿರಲಿಲ್ಲ, ಮೇಲಿನವರಿಗೆ ತಿಳಿಸುತ್ತೇನೆ ಎಂದರು. ಪಂಚಾಯಿತಿಯವರು ಅವಳು ಹೇಳಿದ್ದನ್ನೆಲ್ಲ ಒಪ್ಪಿ ಊರಿನ ನಿಯಮ ಮಾಡಿದರು. ಗಾಳಿ ನೋಡುವವರು ಯಾರು ಎಂದಾಗ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. "ನಾನೇ ನಿಲ್ತೀನಿ. ನಾನು ಇನ್ನು ಹಾರ್ಸಲ್ಲ" ಎಂದಳು ತಂಗಿ.

ಪೊಲೀಸರು ಕರೆಸಿ ಹೇಳಿಕೆ ತೆಗೆದುಕೊಂಡರು. ಕೇಸು ಇನ್ನೂ ಹಾಗೇ ಇದೆ. ಹಾರಿಸುವವರಿಲ್ಲದೆ ಡ್ರೋನು ಪಕ್ಕದ ಊರಿನ ಸಂಘಕ್ಕೆ ಹೋಯಿತು. ಇವಳ ಸಂಘದ ಹೆಂಗಸರು ಹಲವು ತಿಂಗಳು ಇವಳೊಡನೆ ಮಾತು ಬಿಟ್ಟರು. ಎಮ್ಮೆದೊಡ್ಡಿಯ ಅಣ್ಣ ಬಂದು ಓರಗಿತ್ತಿಯ ಗಂಡನ ಕೈ ಹಿಡಿದು ಅತ್ತ. ಆತ ಅವನನ್ನು ಸಮಾಧಾನ ಮಾಡಿ, ಊಟ ಹಾಕಿ, ಕಳಿಸಿಕೊಟ್ಟು, ಆಮೇಲೆ ತಮ್ಮನನ್ನು ಕರೆದು ಹೇಳಿದ: "ಅವ್ಳು ಮಾಡಿದ್ದು ದೊಡ್ಡದು ಕಣೋ. ನನ್ ಮೇಲಿನ ಅಪವಾದ ಹೋಯ್ತು. ಆದ್ರೆ ಅವ್ಳ ಕೈಲಿ ಊಟ ನಂಗೆ ಇಳಿಯಲ್ದು. ಒಲೆ ಬೇರೆ ಮಾಡ್ಕೊಳನ." ಹಜಾರದ ನಡುವೆ ಇಟ್ಟಿಗೆ ಗೋಡೆ ಎದ್ದಿತು. ಈಗ ನಾನು ಹೋದರೆ ಬಾಗಿಲಲ್ಲಿ ಯಾರೂ ಕೂಗುವುದಿಲ್ಲ. ತಂಗಿ ಮೆಲ್ಲನೆ ಬಂದು ಚೀಲ ಇಸಿದುಕೊಳ್ಳುತ್ತಾಳೆ.

ಮೊದಲ ವರ್ಷ ಪಕ್ಕದ ಊರಿನವರೇ ಬಂದು ಹೊಡೆಯುತ್ತಿದ್ದರು, ನಿಯಮ ಚೆನ್ನಾಗಿ ನಡೆಯಿತು. ಹಿಂದಿನ ದಿನ ಸಂಜೆ ದೇವಸ್ಥಾನದ ಮೈಕಿನಲ್ಲಿ ಇಂಥವರ ಹೊಲಕ್ಕೆ ಔಷಧಿ ಎಂದು ಕೂಗುತ್ತಿದ್ದರು. ತಂಗಿ ಕೋಲಿಗೆ ಹಗುರ ಬಟ್ಟೆ ಕಟ್ಟಿಕೊಂಡು ಗಾಳಿ ಬರುವ ಬದಿಯಲ್ಲಿ ನಿಲ್ಲುತ್ತಿದ್ದಳು. ಅವಳು ಕೈ ಎತ್ತಿದರೆ ಯಂತ್ರ ಇಳಿಯಬೇಕು. ಎರಡನೇ ವರ್ಷ ಹೊರಗಿನಿಂದ ಬಾಡಿಗೆಗೆ ಹಾರಿಸುವವರು ಬಂದರು. ಅವರಿಗೆ ಊರಿನ ನಿಯಮ ಗೊತ್ತಿಲ್ಲ, ಗೊತ್ತಾದರೂ ಪುರುಸೊತ್ತಿಲ್ಲ. ಒಬ್ಬ, "ನೀನ್ಯಾರಮ್ಮ ಇಳಿಸು ಅನ್ನೋಕೆ?" ಎಂದು ಬೈದನಂತೆ. ಅವಳು ಜಗಳಕ್ಕೆ ಹೋಗಲಿಲ್ಲ. ನೇರ ಹೊಲದೊಳಗೆ ನಡೆದು ಯಂತ್ರ ಬರುವ ದಾರಿಯಲ್ಲಿ ನಿಂತುಬಿಟ್ಟಳು. ಇಳಿಸಲೇಬೇಕಾಯಿತು. ಆ ಸುದ್ದಿ ನನಗೂ ಮುಟ್ಟಿತು. ಫೋನು ಮಾಡಿ ರೇಗಿದೆ. "ಗಾಳಿ ಈ ಕಡೆಯಿಂದ ಇತ್ತಣ್ಣ, ನನ್ ಮೇಲೆ ಬೀಳ್ತಿರ್ಲಿಲ್ಲ" ಎಂದಳು. ಅದು ನಿಜವೋ ಸುಳ್ಳೋ ನನಗೆ ತಿಳಿಯದು. ಊರಿನಲ್ಲಿ ಮೈಕಿನ ಕೂಗು ಈಗ ಒಮ್ಮೊಮ್ಮೆ ಇರುತ್ತದೆ, ಒಮ್ಮೊಮ್ಮೆ ಇರುವುದಿಲ್ಲ. ಇಲ್ಲದ ದಿನ ಅವಳೇ ಮನೆಮನೆಗೆ ಹೋಗಿ ಹೇಳುತ್ತಾಳೆ.

ಹೋದ ಯುಗಾದಿಗೆ ನಾನು ಅಲ್ಲಿಗೆ ಹೋಗಿದ್ದೆ. ಓರಗಿತ್ತಿಯ ಮಗಳೂ ಶಿವಮೊಗ್ಗದಿಂದ ಬಂದಿದ್ದಳು. ಓದು ಮುಗಿದು ಅಲ್ಲೇ ಕೆಲಸಕ್ಕೆ ಸೇರಿದ್ದಾಳೆ. ತಂಗಿ ಒಬ್ಬಟ್ಟು ಮಾಡಿ, ಬಾಳೆಲೆಯಲ್ಲಿ ಸುತ್ತಿ, ಗೋಡೆಯ ಆಚೆಗೆ ತನ್ನ ಮಕ್ಕಳ ಕೈಲಿ ಕಳಿಸಿದಳು. ಅದು ವಾಪಸು ಬರಲಿಲ್ಲ. ತಿಂದರೋ ಇಲ್ಲವೋ ತಿಳಿಯಲಿಲ್ಲ. ವಾಪಸು ಬರಲಿಲ್ಲವಲ್ಲ ಎಂದು ತಂಗಿ ಅವತ್ತೆಲ್ಲ ಗೆಲುವಾಗಿದ್ದಳು.

ಮಾರನೆಯ ದಿನ ಅಜ್ಜಂಪುರದ ಸ್ಟೇಷನ್ನಿನಲ್ಲಿ ಆ ಹುಡುಗಿ ಸಿಕ್ಕಳು. ಇಬ್ಬರೂ ಬೀರೂರಿನವರೆಗೆ ಒಂದೇ ರೈಲು. ಬೆಂಚಿನಲ್ಲಿ ಪಕ್ಕಕ್ಕೆ ಬಂದು ಕೂತಳು.

"ಮಾವ, ನಿಮ್ಗೊಂದು ಹೇಳ್ಬೇಕಿತ್ತು. ಆಗ ಹಾಸ್ಟೆಲ್ಲಲ್ಲಿ ಎಲ್ರೂ ನಿಮ್ಮಮ್ಮ ಯಾಕೆ ಕುಡಿದ್ರು ಅಂತ ಕೇಳೋರು. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ಕೂತ್ಕೊಳ್ತಿದ್ದೆ. ಓದು ಬಿಟ್ಟು ಬಂದ್ಬಿಡೋದು ಅಂತಿದ್ದೆ. ಚಿಕ್ಕಮ್ಮ ಸಭೇಲಿ ಹೇಳಿದ್ಮೇಲೆ ಅದು ನಿಂತ್ಹೋಯ್ತು. ಅದ್ನ ನಾನು ಮರ್ತಿಲ್ಲ ಅಂತ ಅವ್ರಿಗೆ ಹೇಳಿ."

"ನೀನೇ ಹೇಳಮ್ಮ. ಅವ್ಳಿಗೆ ಜೀವ ಬರುತ್ತೆ" ಎಂದೆ.

ಹುಡುಗಿ ತಲೆ ಆಡಿಸಿದಳು. "ಆಗಲ್ಲ ಮಾವ. ಅವ್ರ ಮುಖ ನೋಡಿದ್ರೆ ಅಮ್ಮನ ಬಾಯಲ್ಲಿದ್ದ ಆ ಪೈಪೇ ಕಣ್ಮುಂದೆ ಬರುತ್ತೆ. ತಪ್ಪು ಅವ್ರೊಬ್ರದ್ದೇ ಅಲ್ಲ ಅಂತ ನಂಗೆ ಗೊತ್ತು. ಆದ್ರೂ ಆಗಲ್ಲ. ಅದನ್ನೂ ಹೇಳಿ."

ಕಡೂರಿಗೆ ಬಂದು ಮನೆ ಸೇರಿದ ಮೇಲೆ ತಂಗಿಗೆ ಫೋನು ಮಾಡಿದೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡಬಹುದಿತ್ತು. ಹುಡುಗಿ ಎರಡನ್ನೂ ಹೇಳಿ ಎಂದಿದ್ದಳು. ಎರಡನ್ನೂ ಹೇಳಿದೆ. ಲೈನು ಹೋಯಿತೇನೋ ಎಂದುಕೊಂಡು, "ಕೇಳಿಸ್ತಾ ಕಣಮ್ಮಾ?" ಎಂದೆ.

"ಹ್ಞೂಂ" ಎಂದಳು. ಆಮೇಲೆ ಕೇಳಿದಳು: "ಹಬ್ಬದ ರಷ್ಷು. ರೈಲಲ್ಲಿ ಅವ್ಳಿಗೆ ಕೂರಕ್ಕೆ ಸೀಟು ಸಿಕ್ತಾಣ್ಣ?"

ಸಿಕ್ಕಿತು ಎಂದೆ.